ಕರಡಿನ ಮೇಜು, ಕವಿತೆಯ ಹೊತ್ತು

ದಿನವಿಡೀ ಕನ್ನಡದ ಜೊತೆಗೇ ಇರುತ್ತೀರಲ್ಲ, ಕವಿತೆ ತಾನಾಗಿ ಬರುತ್ತಿರಬೇಕು ಎಂದು ಕರಡು ತಿದ್ದುವವರಿಗೆ ಬಹಳ ಜನ ಹೇಳುತ್ತಾರೆ. ಆಗುವುದು ತಿರುಗಾ ಮುರುಗಾ. ತಪ್ಪು ಹುಡುಕಿ ಹುಡುಕಿ ಪಳಗಿದ ಕಣ್ಣು ಕವಿತೆಯ ಮೊದಲ ಸಾಲು ಕಾಗದಕ್ಕೆ ಬಿದ್ದ ಕೂಡಲೇ ಅದರ ಮೇಲೆ ಕೂರುತ್ತದೆ. ಈ ಪದ ಎರಡು ಸಲ ಬಂತಲ್ಲ, ಈ ವಿಭಕ್ತಿ ಸರಿಯೇ, ಇಲ್ಲೊಂದು ಅಲ್ಪವಿರಾಮ ಬೇಕೇ ಎಂದು ಕೇಳುತ್ತಾ ಹೋದರೆ ಎರಡನೇ ಸಾಲು ಹುಟ್ಟುವುದಿಲ್ಲ. ಫ್ರೀಲಾನ್ಸ್ ಸಂಪಾದನೆಯನ್ನೂ, ಅಂದರೆ ಬೇರೆಯವರ ಬರಹ ತಿದ್ದುವ ಕೆಲಸವನ್ನೂ, ಕವಿತೆಯನ್ನೂ ಒಟ್ಟಿಗೆ ನಡೆಸುವವರು ಮೊದಲು ಕಾಯ್ದುಕೊಳ್ಳಬೇಕಾದದ್ದು ಈ ಕಣ್ಣಿನಿಂದ ಕವಿತೆಯನ್ನು. ಹೊತ್ತು ಹೊಂದಿಸುವ ಮಾತು ಆಮೇಲಿನದು.

ಅದಕ್ಕಿರುವ ದಾರಿಗಳು ಸರಳ. ಕವಿತೆ ಬೆಳಗಿನ ಕೆಲಸವಾಗಲಿ, ಆ ದಿನದ ಫೈಲು ತೆರೆಯುವ ಮೊದಲು. ಒಂದು ಗಂಟೆ ಸಾಕು. ಮೊದಲ ಕರಡು ಕೈಬರಹದಲ್ಲಿ, ಪೆನ್ನಿನಲ್ಲಿ ಇರಲಿ. ಪೆನ್ಸಿಲು ಕೈಗೆ ಬಂದರೆ ಅಳಿಸುವ ರಬ್ಬರೂ ಬರುತ್ತದೆ. ಕಂಪ್ಯೂಟರಿನಲ್ಲಿ ನೇರವಾಗಿ ಬರೆದರೆ ಇನ್ನೊಂದು ತೊಂದರೆಯಿದೆ: ಕನ್ನಡದ ಸ್ಪೆಲ್‌ಚೆಕ್ ಆಡುಮಾತಿನ ರೂಪಗಳಿಗೂ ಹೊಸ ಸಮಾಸಗಳಿಗೂ ಕೆಂಪು ಗೆರೆ ಎಳೆಯುತ್ತದೆ, ಆ ಗೆರೆ ಕಂಡರೆ ಸಂಪಾದಕನ ಕೈ ಸುಮ್ಮನಿರುವುದಿಲ್ಲ. ಬರೆದದ್ದನ್ನು ಎರಡು ಮೂರು ವಾರ ಮುಟ್ಟದೆ ಇಡಿ. ಆಮೇಲೆ ತಿದ್ದುವ ಕಣ್ಣನ್ನು ಕರೆಯಿರಿ, ಆಗ ಅದರಷ್ಟು ಉಪಕಾರಿ ಇನ್ನೊಂದಿಲ್ಲ. ಮತ್ತೊಂದು ಎಚ್ಚರ: ಮುನ್ನೂರು ಪುಟದ ಕಾದಂಬರಿ ತಿದ್ದಿ ಮುಗಿಸಿದ ಮರುದಿನ ಕವಿತೆಗೆ ಕೂರಬಾರದು. ಆ ಲೇಖಕರ ವಾಕ್ಯದ ಓಟ ನಮ್ಮ ಸಾಲಿನೊಳಗೆ ಇಳಿದುಬಿಟ್ಟಿರುತ್ತದೆ, ಅದು ನಮಗೆ ಗೊತ್ತೂ ಆಗುವುದಿಲ್ಲ. ನಡುವೆ ಒಂದು ದಿನ ಹಳೆಯ ವಚನವನ್ನೋ ಜನಪದ ಹಾಡನ್ನೋ ಬಾಯಿಬಿಟ್ಟು ಓದಿಕೊಂಡರೆ ಕಿವಿ ತೊಳೆದಂತಾಗುತ್ತದೆ.

ಈ ಎರಡು ಬದುಕನ್ನು ಒಂದೇ ಊರಿನಲ್ಲಿ ನಡೆಸಿದ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿದೆ. ಧಾರವಾಡವನ್ನೇ ನೋಡಿ. ಚೆನ್ನವೀರ ಕಣವಿಯವರು ಕರ್ನಾಟಕ ವಿಶ್ವವಿದ್ಯಾಲಯದ ಪ್ರಸಾರಾಂಗದಲ್ಲಿ ದಶಕಗಳ ಕಾಲ ಪುಸ್ತಕ ಪ್ರಕಟಣೆಯ ಹೊಣೆ ಹೊತ್ತು, ಇತ್ತ ಹದಿನಾಲ್ಕು ಸಾಲಿನ ಸುನೀತಗಳನ್ನು ಬರೆಯುತ್ತಲೇ ಇದ್ದರು. ಬೆಟಗೇರಿ ಕೃಷ್ಣಶರ್ಮರು ಆನಂದಕಂದ ಎಂಬ ಹೆಸರಿನ ಕವಿ, ‘ಜಯಂತಿ’ ಮಾಸಪತ್ರಿಕೆಯ ಸಂಪಾದಕರೂ ಹೌದು. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು. ವಿಶ್ವವಿದ್ಯಾಲಯದ ಕೆಲಸಕ್ಕೆ ತಿಂಗಳ ಸಂಬಳವಿತ್ತು. ಇಂದು ಮನೆಯಲ್ಲಿ ಕೂತು ಪುಟದ ಲೆಕ್ಕದಲ್ಲಿ ತಿದ್ದುವವರಿಗೆ ಅದಿಲ್ಲ. ಹಾಗಾಗಿ ಕವಿತೆಯ ಒಂದು ಗಂಟೆಯ ಖರ್ಚನ್ನು ತಿದ್ದುವ ಕೆಲಸದ ದರದೊಳಗೇ ಸೇರಿಸಿಕೊಳ್ಳಬೇಕು.

ಲೆಕ್ಕ ಹೀಗೆ. ತಿಂಗಳಿಗೆ 30,000 ರೂಪಾಯಿ ಬೇಕೆಂದುಕೊಳ್ಳಿ. ಕರಡು ನೋಡುವ ಕಣ್ಣು ನಂಬಿಕೆಯಿಂದ ದುಡಿಯುವುದು ದಿನಕ್ಕೆ ಐದು ಗಂಟೆ. ಆರನೇ ಗಂಟೆಯಿಂದ ತಪ್ಪುಗಳು ಕಣ್ಣ ಮುಂದೆಯೇ ದಾಟಿಹೋಗುತ್ತವೆ. ತಿಂಗಳಿಗೆ 22 ದಿನ ಹಿಡಿದರೆ 110 ಗಂಟೆ. ಅದರಲ್ಲಿ ಕಾಲುಭಾಗ ಫೋನು, ಮಾದರಿ ಪುಟ, ಬಿಲ್ಲು, ಪುಟ ಜೋಡಿಸುವ ಡಿಟಿಪಿ ಅಂಗಡಿಯ ಓಡಾಟಕ್ಕೆ ಹೋಗುತ್ತದೆ. ಉಳಿಯುವುದು ಸುಮಾರು 82 ಗಂಟೆ, ಅಂದರೆ ಗಂಟೆಗೆ 365 ರೂಪಾಯಿ ಹುಟ್ಟಬೇಕು. ಡೆಮಿ 1/8, ಅಂದರೆ ಸಾಮಾನ್ಯ ಪುಸ್ತಕದ ಅಳತೆಯ ಪುಟ ಗಂಟೆಗೆ ಹತ್ತರಂತೆ ಬರೀ ಕಾಗುಣಿತದ ಕರಡು ನೋಡಬಹುದಾದರೆ ಪುಟಕ್ಕೆ 36 ರೂಪಾಯಿ. ವಾಕ್ಯ ತಿದ್ದಬೇಕಾದ ಹಸ್ತಪ್ರತಿ ಗಂಟೆಗೆ ಐದು ಪುಟ ಸಾಗುತ್ತದೆ, ಪುಟಕ್ಕೆ 73. ಅನುವಾದವಾದರೆ ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ಮೂರು ಪುಟ ದಾಟಿದರೆ ಹೆಚ್ಚು, 120ಕ್ಕೆ ಕಡಿಮೆಯಾದರೆ ಕೈಯಿಂದ ಹಾಕಿದಂತೆ.

ಸಣ್ಣ ಪ್ರಕಾಶಕರಲ್ಲಿ ಎಲ್ಲರೂ ಈ ದರ ಕೊಡಲಾರರು. ಐನೂರು ಪ್ರತಿ ಅಚ್ಚು ಹಾಕಿಸುವವರಿಗೆ ಅದು ನಿಜಕ್ಕೂ ಭಾರ, ಅದನ್ನು ಅವರ ಲೋಭವೆಂದು ಎಣಿಸಬಾರದು. ಆದ್ದರಿಂದ ಕೆಲಸ ಬೆರೆಸಿಕೊಳ್ಳಬೇಕಾಗುತ್ತದೆ: ಸಂಸ್ಥೆಗಳ ವರದಿ, ತರಬೇತಿ ಕೈಪಿಡಿ, ಆ್ಯಪ್ ಮತ್ತು ವೆಬ್‌ಸೈಟುಗಳ ಕನ್ನಡ ಪರಿಶೀಲನೆ. ಇವು ಗಂಟೆಯ ದರಕ್ಕೆ ಸಿಗುತ್ತವೆ. ಅರ್ಧ ತಿಂಗಳು ಇವು, ಅರ್ಧ ತಿಂಗಳು ಪುಸ್ತಕ ಎಂದಿಟ್ಟುಕೊಂಡರೆ ಸಾಹಿತ್ಯದ ಕೆಲಸವನ್ನು ಮನಸ್ಸಿಟ್ಟು ಮಾಡಬಹುದು. ಪಿಎಚ್‌ಡಿ ಪ್ರಬಂಧಗಳಲ್ಲಿ ದುಡ್ಡಿದೆ ನಿಜ, ಆದರೆ ಭಾಷೆ ತಿದ್ದುವುದು ಎಲ್ಲಿ ಮುಗಿದು ಬರೆದುಕೊಡುವುದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮೊದಲೇ ಪತ್ರದಲ್ಲಿ ಬರೆಸಿಕೊಳ್ಳದೆ ಅದಕ್ಕೆ ಕೈ ಹಾಕಬಾರದು.

ಊರಿನಲ್ಲಿ ಕವಿಯೆಂದು ಹೆಸರಾದ ಸಂಪಾದಕರಿಗೆ ಮಾತ್ರ ಬರುವ ಕಷ್ಟವೊಂದಿದೆ. ಗೋಷ್ಠಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತವರು ಎಂಬತ್ತು ಪುಟದ ಫೈಲನ್ನು ವಾಟ್ಸಾಪಿಗೆ ಕಳಿಸಿ, “ಒಂದೀಟು ನೋಡಿ ಕೊಡ್ರಿ, ಸರ” ಎನ್ನುತ್ತಾರೆ. ಆ ಒಂದೀಟು ಹದಿನೈದು ಗಂಟೆಯ ದುಡಿಮೆ. ಕೇಳುವವರಲ್ಲಿ ದುರುದ್ದೇಶ ಇರುವುದು ಕಡಿಮೆ, ಇದು ದುಡಿಮೆಯೆಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಸಿಟ್ಟಾಗದೆ ಒಂದೇ ಉತ್ತರವನ್ನು ಎಲ್ಲರಿಗೂ ಕೊಡುವುದು ಒಳ್ಳೆಯದು: “ಎರಡು ಕವಿತೆ ಪ್ರೀತಿಯಿಂದ ನೋಡ್ತೀನ್ರಿ, ಪೂರ್ತಿ ಸಂಕಲನ ಅಂದ್ರ ಪುಟಕ್ಕ ಇಷ್ಟು.” ಎರಡು ಕವಿತೆಯ ಮಾತನ್ನು ಮಾತ್ರ ತಪ್ಪದೆ ನಡೆಸಬೇಕು, ಅದು ಸಹಕವಿಗಳ ನಡುವಿನ ಋಣ. ಗೌರವ ಪ್ರತಿಯನ್ನು ಕೂಲಿಯ ಬದಲಿಗೆ ಒಪ್ಪಿಕೊಳ್ಳುವ ರೂಢಿ ಬಿಡಬೇಕು. ಪುಸ್ತಕದ ಒಳಪುಟದಲ್ಲಿ ಕರಡು ತಿದ್ದಿದವರ ಹೆಸರು ಬರಲಿ ಎಂದು ಕೇಳುವುದಕ್ಕೆ ಸಂಕೋಚ ಬೇಡ.

ದುಡ್ಡು ಬರುವ ಬಗೆಯೂ ಮೊದಲೇ ಗೊತ್ತಾಗಿರಲಿ. ಐದು ಪುಟದ ಮಾದರಿ ತಿದ್ದಿ ಕೊಡಿ, ಮೂರನೇ ಒಂದು ಭಾಗ ಮುಂಗಡ ಪಡೆಯಿರಿ, ಎರಡು ಸುತ್ತಿನ ತಿದ್ದುಪಡಿ ದರದಲ್ಲಿ ಸೇರಿದೆ, ಮೂರನೆಯದಕ್ಕೂ ತಿದ್ದಿದ ಮೇಲೆ ಲೇಖಕರು ಸೇರಿಸಿದ ಪುಟಕ್ಕೂ ಬೇರೆ ದರ ಎಂದು ಒಂದು ಇಮೇಲಿನಲ್ಲಿ ಬರೆಯಿರಿ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ಅತಿಸಣ್ಣ ಉದ್ಯಮವಾಗಿ ನೋಂದಣಿ ಮಾಡಿಸಿಕೊಳ್ಳಲು ಶುಲ್ಕವಿಲ್ಲ. ಸಣ್ಣ ಉದ್ಯಮಗಳಿಗಾಗಿ ಇರುವ 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಹೀಗೆ ನೋಂದಾಯಿಸಿಕೊಂಡವರಿಗೆ ಕೆಲಸ ಒಪ್ಪಿಕೊಂಡ ಕಂಪನಿಯೋ ಸಂಸ್ಥೆಯೋ ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ, ಇದ್ದರೂ 45 ದಿನ ಮೀರದಂತೆ ಹಣ ಕೊಡಬೇಕು. ಬಿಲ್ಲಿನ ಕೆಳಗೆ ನೋಂದಣಿ ಸಂಖ್ಯೆ ಹಾಕಿದರೆ ಬಾಕಿ ಬೇಗ ತೀರುತ್ತದೆ. ಹಣ ಕೊಡುವವರು ಟಿಡಿಎಸ್ ಎಂದು ಮೊದಲೇ ತೆರಿಗೆ ಹಿಡಿದಿದ್ದರೆ ತೆರಿಗೆ ಇಲಾಖೆಯ ಪೋರ್ಟಲಿನಲ್ಲಿ ನೋಡಿಕೊಂಡು ರಿಟರ್ನ್ಸ್ ಸಲ್ಲಿಸಿ. ಆದಾಯ ಕಡಿಮೆಯಿದ್ದವರಿಗೆ ಅದು ವಾಪಸ್ ಬರುವ ಹಣ, ರಿಟರ್ನ್ಸ್ ಸಲ್ಲಿಸದೆ ಎಷ್ಟೋ ಜನ ಅದನ್ನು ಬಿಟ್ಟುಬಿಡುತ್ತಾರೆ.

ಇನ್ನು ಮೇಜಿನ ಮೇಲಿನ ಕೆಲಸ. ಕನ್ನಡದ ಹಸ್ತಪ್ರತಿ ಕೈಗೆ ಬಂದರೆ ಓದುವ ಮೊದಲು ಎರಡು ಹುಡುಕಾಟ ಮಾಡಿ: ‘೦’ ಮತ್ತು ‘೯’. ಬಹಳ ಜನ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆಯನ್ನೂ ಅರ್ಕಾವತ್ತಿನ ಜಾಗದಲ್ಲಿ ಒಂಬತ್ತನ್ನೂ ಒತ್ತಿರುತ್ತಾರೆ. ‘ಬೆ೦ಗಳೂರು’, ‘ಕಾಯ೯’ ಕಣ್ಣಿಗೆ ಹೆಚ್ಚುಕಡಿಮೆ ಸರಿಯಾಗಿಯೇ ಕಾಣುತ್ತವೆ, ಆದರೆ ‘ಬೆಂಗಳೂರು’ ಎಂದು ಹುಡುಕಿದರೆ ಸಿಗುವುದಿಲ್ಲ. ‘೯’ ಇನ್ನೂ ತಂಟೆಯದು. ಸಾದಾ ‘ಹುಡುಕಿ ಬದಲಿಸು’ ಆಜ್ಞೆಯಿಂದ ಅದನ್ನು ಒಂದೇ ಸಲಕ್ಕೆ ತಿದ್ದಲು ಬರುವುದಿಲ್ಲ, ಯಾಕೆಂದರೆ ಯೂನಿಕೋಡಿನಲ್ಲಿ ‘ರ್’ ಆ ಅಕ್ಷರಕ್ಕಿಂತ ಮೊದಲು ಬರಬೇಕು, ಒಂಬತ್ತು ಅಕ್ಷರದ ನಂತರ ನಿಂತಿರುತ್ತದೆ. ಒಂದೊಂದನ್ನೂ ನೋಡಿ ತಿದ್ದಬೇಕು. ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನ ಫೈಲನ್ನು ಯೂನಿಕೋಡಿಗೆ ತಿರುಗಿಸಿದಾಗ ಅರ್ಕಾವತ್ತು, ಒತ್ತಕ್ಷರ ಜಾಗ ತಪ್ಪುವುದುಂಟು. ‘ಸಾಫ್ಟ್‌ವೇರ್’ ಎಂಬಲ್ಲಿ ಕಣ್ಣಿಗೆ ಕಾಣದ ಬಿಡಿಸುವ ಚಿಹ್ನೆ ಬಿದ್ದುಹೋದರೆ ‘ಸಾಫ್ಟ್ವೇರ್’ ಆಗುತ್ತದೆ. ಕವಿತೆಯ ಫೈಲಿನಲ್ಲಾದರೆ ಇನ್ನೂ ದೊಡ್ಡ ಅನಾಹುತ, ಸಾಲುಗಳು ಒಂದಕ್ಕೊಂದು ಅಂಟಿ ಗದ್ಯವಾಗಿಬಿಡುತ್ತವೆ. ತಿರುಗಿಸುವ ಮೊದಲು ಮೂಲದ ಪಿಡಿಎಫ್ ಒಂದನ್ನು ತೆಗೆದಿಟ್ಟುಕೊಳ್ಳದೆ ಯಾವ ಸಂಕಲನವನ್ನೂ ಮುಟ್ಟಬಾರದು.

ಆಡುಮಾತಿನ ಬರಹದಲ್ಲಿ ಸಂಪಾದಕನ ಒಳಗಿನ ಕವಿ ಕೆಲಸಕ್ಕೆ ಬರುತ್ತಾನೆ. ಒಬ್ಬನೇ ಪಾತ್ರದ ಬಾಯಲ್ಲಿ ಒಂದು ಪುಟದಲ್ಲಿ ‘ಬರತಾನ’, ಇನ್ನೊಂದರಲ್ಲಿ ‘ಬರ್ತಾನ’, ಮತ್ತೊಂದರಲ್ಲಿ ‘ಬರ್ತಾನೆ’ ಇರುತ್ತದೆ. ಕೊನೆಯದು ಬೇರೆ ಸೀಮೆಯದು, ಅದನ್ನು ತೆಗೆಯಬೇಕು. ಮೊದಲಿನ ಎರಡರಲ್ಲಿ ಯಾವುದು? ಮಾತ್ರೆ ಎಣಿಸಿದರೆ ‘ಬರತಾನ’ ಒಂದು, ಒಂದು, ಎರಡು, ಒಂದು. ‘ಬರ್ತಾನ’ ಎರಡು, ಎರಡು, ಒಂದು. ಎರಡೂ ಐದೇ. ಲೆಕ್ಕ ತೀರ್ಮಾನ ಕೊಡುವುದಿಲ್ಲ. ಬಾಯಲ್ಲಿ ಆಡಿದಾಗ ಮಾತ್ರ ಗೊತ್ತಾಗುತ್ತದೆ: ಮೊದಲನೆಯದು ಎಳೆದಾಡುತ್ತದೆ, ಎರಡನೆಯದು ಒತ್ತಿ ಹೇಳುತ್ತದೆ. ಗದ್ಯದಲ್ಲಿ ಒಂದನ್ನು ಆರಿಸಿ ಕೊನೆಯವರೆಗೆ ಅದನ್ನೇ ಉಳಿಸಬಹುದು. ಕವಿತೆಯಲ್ಲಿ ಒಂದು ಸಾಲಿಗೆ ಒಂದು, ಇನ್ನೊಂದಕ್ಕೆ ಇನ್ನೊಂದು ಬೇಕಾಗಬಹುದು, ಅಲ್ಲಿ ಏಕರೂಪತೆಯ ಹಟ ಹಿಡಿದರೆ ಕವಿತೆ ಕೆಡುತ್ತದೆ.

ಇನ್ನೊಬ್ಬ ಕವಿಯ ಸಂಕಲನ ತಿದ್ದುವಾಗ ನಿಯಮ ಕಟ್ಟುನಿಟ್ಟಾಗಿರಬೇಕು. ಕಾಗುಣಿತದ ತಪ್ಪು ತಿದ್ದಿ, ಉಳಿದದ್ದೆಲ್ಲ ಅಂಚಿನಲ್ಲಿ ಪ್ರಶ್ನೆಯಾಗಿ ಇರಲಿ. ‘ಇಲ್ಲಿ ಓದುವವರ ಉಸಿರು ತಡೆಯುತ್ತದೆ, ಬೇಕೆಂದೇ ಇಟ್ಟದ್ದೇ?’ ಎಂದು ಕೇಳಬಹುದು, ನಮ್ಮ ಪದ ಸೂಚಿಸಬಾರದು. ಸೂಚಿಸಿದರೆ ಹೊಸ ಕವಿಗಳು ಗೌರವಕ್ಕೋ ಸಂಕೋಚಕ್ಕೋ ಒಪ್ಪಿಬಿಡುತ್ತಾರೆ, ಹತ್ತು ಕವಿತೆ ದಾಟುವಷ್ಟರಲ್ಲಿ ಸಂಕಲನ ನಮ್ಮದಾಗಿರುತ್ತದೆ. ಅಚ್ಚಾಗದ ಸಾಲನ್ನು ಹೊಗಳುವುದಕ್ಕಾದರೂ ಎಲ್ಲಿಯೂ ಹೇಳಬಾರದು. ನಾವು ತೀರ್ಪುಗಾರರಾದ ಸ್ಪರ್ಧೆಗೆ ನಾವು ತಿದ್ದಿದ ಕವಿತೆ ಬಂದರೆ ಆಯೋಜಕರಿಗೆ ಹೇಳಿ ಹಿಂದೆ ಸರಿಯಬೇಕು. ಊರು ಚಿಕ್ಕದಾದಷ್ಟೂ ಇದು ಮುಖ್ಯ.

ವರ್ಷದ ಲೆಕ್ಕವೂ ಬೇಕು, ಈ ಎರಡು ಕೆಲಸಗಳ ಸುಗ್ಗಿ ಒಟ್ಟಿಗೇ ಬರುತ್ತದೆ. ದಸರಾದಿಂದ ನವೆಂಬರ್ ರಾಜ್ಯೋತ್ಸವದ ಕೊನೆಯವರೆಗೆ ಕವಿಗೋಷ್ಠಿಗಳ ಕಾಲ. ದೀಪಾವಳಿ ವಿಶೇಷಾಂಕಗಳೂ ಆಗಲೇ, ಆದರೆ ಅವುಗಳ ಸ್ಪರ್ಧೆಗೆ ಕವಿತೆ ಕಳಿಸುವ ಕೊನೆಯ ದಿನ ಹಬ್ಬಕ್ಕಿಂತ ಬಹಳ ಮೊದಲೇ ಮುಗಿದಿರುತ್ತದೆ, ಹಾಗಾಗಿ ಕವಿತೆ ಮಳೆಗಾಲದಲ್ಲೇ ಸಿದ್ಧವಾಗಬೇಕು. ಧಾರವಾಡದಲ್ಲಿ ಜನವರಿ 31, ಬೇಂದ್ರೆಯವರ ಹುಟ್ಟಿದ ದಿನ, ಕವಿತೆಯ ದಿನವೇ. ಮಾರ್ಚ್ ಪೂರ್ತಿ ತಿದ್ದುವ ಕೆಲಸಕ್ಕೆ ಬಿಟ್ಟುಕೊಡಿ. ಆರ್ಥಿಕ ವರ್ಷ ಮುಗಿಯುವುದರೊಳಗೆ ಅನುದಾನ ಖರ್ಚು ಮಾಡಬೇಕಾದ ಸಂಸ್ಥೆಗಳೆಲ್ಲ ಆಗ ಪುಸ್ತಕ, ವರದಿ ಹೊರತರುತ್ತವೆ, ಆ ತಿಂಗಳಲ್ಲಿ ಒಪ್ಪಿಕೊಂಡ ಗೋಷ್ಠಿ ಎರಡೂ ಕಡೆ ಅಸಮಾಧಾನ ತರುತ್ತದೆ. ಗೋಷ್ಠಿಯೆಂದರೆ ಮೂರು ನಿಮಿಷದ ಓದಿಗೆ ಒಂದಿಡೀ ದಿನ. ಹನ್ನೊಂದಕ್ಕೆಂದ ಉದ್ಘಾಟನೆ ಊಟದ ಹೊತ್ತಿಗೆ ಮುಗಿದು, ಕವಿಗಳ ಸರದಿ ಮಧ್ಯಾಹ್ನ ಬರುತ್ತದೆ. ತಿಂಗಳಿಗೊಂದು ಒಪ್ಪಿಕೊಂಡರೆ ಸಾಕು. ಪ್ರಮಾಣಪತ್ರಕ್ಕೆಂದು, ಸಂಕಲನದಲ್ಲಿ ಹೆಸರು ಬರಲೆಂದು ಕವಿಗಳಿಂದಲೇ ಶುಲ್ಕ ಕೇಳುವ ಕಡೆಗೆ ಹೋಗಬೇಡಿ.

ದೊಡ್ಡ ಗೋಷ್ಠಿ ಬೇಡವೆಂದಲ್ಲ, ಅಲ್ಲಿ ಕವಿತೆ ಕೇಳಿಸುತ್ತದೆ, ಬೆಳೆಯುವುದು ಕಡಿಮೆ. 1920ರ ದಶಕದಲ್ಲಿ ಬೇಂದ್ರೆಯವರ ಸುತ್ತ ಧಾರವಾಡದಲ್ಲಿ ಸೇರಿದ ಗೆಳೆಯರ ಗುಂಪಿನಲ್ಲಿ ಶಂ.ಬಾ. ಜೋಶಿ, ಗೋಕಾಕ, ಬೆಟಗೇರಿಯವರಂಥವರು ಇದ್ದರು. ಒಬ್ಬರ ಬರಹ ಇನ್ನೊಬ್ಬರ ಕಿವಿಗೆ ಮೊದಲು ಬೀಳುವ ಅಂಥ ಕೂಟ ಇವತ್ತಿಗೂ ಬೇಕು. ಅದನ್ನು ಕಟ್ಟಲು ವೇದಿಕೆ, ಶಾಲು, ಬ್ಯಾನರು ಯಾವುದೂ ಬೇಡ. ಗ್ರಂಥಾಲಯದ ಒಂದು ಕೋಣೆ ಅಥವಾ ಯಾರದಾದರೂ ಪಡಸಾಲೆ, ಎಂಟರಿಂದ ಹನ್ನೆರಡು ಜನ, ತೊಂಬತ್ತು ನಿಮಿಷ, ಐದು ಕವಿತೆ. ತಿಂಗಳ ಎರಡನೇ ಶನಿವಾರದಂಥ ಬದಲಾಗದ ದಿನ ಇಡಿ. ಪ್ರತಿ ಸಲ ಫೋನು ಮಾಡಿ ದಿನ ಗೊತ್ತುಮಾಡುವ ಕೂಟ ನಾಲ್ಕು ತಿಂಗಳು ಬಾಳುವುದಿಲ್ಲ.

ಪ್ರತಿ ಕವಿತೆಯನ್ನೂ ಎರಡು ಸಲ ಓದಿಸಿ: ಮೊದಲು ಕವಿತೆ ನೋಡಿರದ ಇನ್ನೊಬ್ಬರು ಕಾಗದ ನೋಡಿ ಓದಲಿ, ಆಮೇಲೆ ಬರೆದವರು. ಈ ಕ್ರಮ ತಿರುಗಿಸಬಾರದು. ಬರೆದವರು ಮೊದಲು ಓದಿದರೆ ಎರಡನೆಯವರು ಅದೇ ಧಾಟಿ ಹಿಡಿಯುತ್ತಾರೆ. ಹೊಸಬರು ಎಲ್ಲಿ ತಡವರಿಸಿದರೋ ಅಲ್ಲಿ ಗುರುತು ಹಾಕಿಕೊಳ್ಳಿ. ತಡವರಿಕೆ ಸಾಮಾನ್ಯವಾಗಿ ಎರಡು ಕಡೆ ಬರುತ್ತದೆ, ಸಾಲು ವ್ಯಾಕರಣದ ನಡುವೆ ಮುರಿದಾಗ ಮತ್ತು ಕ್ರಿಯಾಪದ ಬಹಳ ದೂರ ಹೋದಾಗ. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದರಿಂದ ಆರು ಸಾಲಿನ ವಾಕ್ಯವೊಂದನ್ನು ಕಿವಿ ಹಿಡಿದಿಟ್ಟುಕೊಳ್ಳುವುದು ಕಷ್ಟ. ಕಾಗದದಲ್ಲಿ ಚೆಂದವಾಗಿದ್ದ ಎಷ್ಟೋ ಕವಿತೆ ಇಲ್ಲಿ ಜಾರುತ್ತದೆ. ಮೇಜಿನ ಮೇಲೆ ನಮ್ಮ ಕವಿತೆಗೆ ಸಿಗದ ಸಂಪಾದಕರು ಸಿಗುವುದು ಈ ಕೂಟದಲ್ಲಿ, ಅದೂ ಒಂದು ಮಾತಾಡದೆ.

ಕೂಟದ ಕವಿತೆಗಳನ್ನು ಊರಿಗೆ ಹಂಚುವ ಅಗ್ಗದ ದಾರಿ ಒಂದೇ ಹಾಳೆಯ ಪುಸ್ತಿಕೆ. ಎ4 ಹಾಳೆಯನ್ನು ಎಂಟು ಮನೆಯಾಗಿ ಮಡಚಿ, ಬಿಡಿಸಿ, ನಡುವಿನ ಉದ್ದ ಮಡಿಕೆಯನ್ನು ಮಧ್ಯದ ಎರಡು ಮನೆಯಷ್ಟು ಕತ್ತರಿಸಿ ಮತ್ತೆ ಮಡಚಿದರೆ ಎಂಟು ಪುಟದ ಪುಸ್ತಿಕೆಯಾಗುತ್ತದೆ. ಪಿನ್ನೂ ಬೇಡ, ಒಂದೇ ಬದಿಯ ಜೆರಾಕ್ಸು ಸಾಕು. ಪುಟದ ಅಳತೆ 74 × 105 ಮಿಲಿಮೀಟರು. ಹತ್ತು ಪಾಯಿಂಟಿನಲ್ಲಿ ಹನ್ನೆರಡು ಸಾಲು ಹಿಡಿಸುತ್ತದೆ, ಚುಟುಕು, ಹನಿಗವಿತೆಗೆ ಹೇಳಿ ಮಾಡಿಸಿದ್ದು. ಬಿಡಿಸಿದ ಹಾಳೆಯಲ್ಲಿ ಒಂದು ಸಾಲಿನ ನಾಲ್ಕು ಮನೆ ತಲೆಕೆಳಗಾಗಿ ಇರಬೇಕು ಎಂಬುದನ್ನು ಮರೆತರೆ ಇಡೀ ಕಟ್ಟು ಹಾಳು, ಆದ್ದರಿಂದ ಮೊದಲು ಬಿಳಿ ಹಾಳೆ ಮಡಚಿ ಪುಟಸಂಖ್ಯೆ ಬರೆದು ಬಿಡಿಸಿ ನೋಡಿ. ಉದ್ದ ಕವಿತೆಗಾದರೆ ನಾಲ್ಕು ಎ4 ಹಾಳೆಯನ್ನು ನಡುವೆ ಮಡಚಿದ ಹದಿನಾರು ಪುಟದ ಪುಸ್ತಿಕೆ ಒಳ್ಳೆಯದು. ಮನೆಯ ಸ್ಟೇಪ್ಲರ್ ನಡುಮಡಿಕೆಗೆ ತಲುಪುವುದಿಲ್ಲ, ಉದ್ದ ಕೈಯದು ಬೈಂಡಿಂಗ್ ಅಂಗಡಿಯಲ್ಲಿ ಇರುತ್ತದೆ.

ಗೋಷ್ಠಿಗೆ ಹೋದಾಗ ಮೂರು ನಿಮಿಷಕ್ಕೆ ಒಂದೇ ಕವಿತೆ. ಇಪ್ಪತ್ತನಾಲ್ಕು ಸಾಲು ಸಮಾಧಾನವಾಗಿ ಓದಲು ಎರಡು ನಿಮಿಷ ಬೇಕು, ಉಳಿದ ಒಂದು ನಿಮಿಷ ಮೈಕಿನವರೆಗೆ ನಡೆದು ಉಸಿರು ಹಿಡಿಯಲು. ಹದಿನಾರು ಪಾಯಿಂಟಿನಲ್ಲಿ ಒಂದೇ ಬದಿಗೆ ಮುದ್ರಿಸಿದ ಕಾಗದ ಒಯ್ಯಿರಿ. ಫೋನಿನಲ್ಲಿ ಓದಿದರೆ ಪರದೆ ಆರಿಹೋಗುತ್ತದೆ, ಬೆರಳು ಜಾರಿ ಪದ್ಯ ತಪ್ಪುತ್ತದೆ. ಮೈಕಿನಿಂದ ಒಂದು ಗೇಣು ದೂರ ನಿಲ್ಲಿ, ಇಲ್ಲವಾದರೆ ಪಕಾರ ಭಕಾರಗಳು ಸಿಡಿಯುತ್ತವೆ. ಕವಿತೆ ಹುಟ್ಟಿದ ಕಥೆ ಹೇಳಬೇಡಿ, ಶೀರ್ಷಿಕೆ ಹೇಳಿ ಓದಿ.

ಹಂಚುವುದರಲ್ಲೂ ಒಂದು ಕ್ರಮವಿದೆ, ಇದನ್ನು ತಿಳಿಯದೆ ಒಳ್ಳೆಯ ಕವಿತೆಗಳು ಅವಕಾಶ ಕಳೆದುಕೊಳ್ಳುತ್ತವೆ. ಬಹುಪಾಲು ಸ್ಪರ್ಧೆಗಳೂ ಪತ್ರಿಕೆಗಳೂ ಕವಿತೆ ಎಲ್ಲಿಯೂ, ಸಾಮಾಜಿಕ ಜಾಲತಾಣದಲ್ಲಿಯೂ, ಪ್ರಕಟವಾಗಿರಬಾರದು ಎನ್ನುತ್ತವೆ. ಕೂಟದಲ್ಲಿ ಬಾಯಿಮಾತಿನ ಓದು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ, ಫೇಸ್‌ಬುಕ್ಕಿನಲ್ಲಿ ಹಾಕಿದ್ದು, ಪುಸ್ತಿಕೆಯಲ್ಲಿ ಅಚ್ಚಾದದ್ದು ಅಡ್ಡಿಯಾಗುತ್ತದೆ. ಹಾಗಾಗಿ ಮೊದಲು ಕೂಟ, ಆಮೇಲೆ ತಿದ್ದುಪಡಿ, ಆಮೇಲೆ ಪತ್ರಿಕೆ, ಅಲ್ಲಿಂದ ಬಂದ ಮೇಲೆ ಪುಸ್ತಿಕೆ, ವಾಟ್ಸಾಪು.

ಸಂಕಲನದ ಹೊತ್ತಿಗೆ ಸಂಪಾದಕರಾದ ಕವಿಗಳಿಗೆ ಎಲ್ಲ ಗೊತ್ತಿದೆ ಎಂಬ ಧೈರ್ಯ ಬಂದಿರುತ್ತದೆ. ಡೆಮಿ 1/8, 96 ಪುಟ, ಹದಿನಾರರಂತೆ ಆರು ಫಾರಂ, 70 ಜಿಎಸ್‌ಎಂ ಮ್ಯಾಪ್‌ಲಿಥೊ ಕಾಗದ ಎಂದು ಬಾಯಿಪಾಠ. ನಲವತ್ತೈದು ಕವಿತೆ, ಮುನ್ನುಡಿ, ಪರಿವಿಡಿ ಅದರಲ್ಲಿ ಹಿಡಿಸುತ್ತವೆ. ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಸರ್ಕಾರದ ಪೋರ್ಟಲಿನಲ್ಲಿ ಉಚಿತವಾಗಿ ಸಿಗುತ್ತದೆ, ಅದಕ್ಕೆ ಯಾರಿಗೂ ದುಡ್ಡು ಕೊಡಬೇಕಿಲ್ಲ. ಚೊಚ್ಚಲ ಕೃತಿಯಾದರೆ, ವಯಸ್ಸು ಹೊಂದಿದರೆ, ಕನ್ನಡ ಪುಸ್ತಕ ಪ್ರಾಧಿಕಾರದ ಪ್ರೋತ್ಸಾಹಧನಕ್ಕೆ ಹಸ್ತಪ್ರತಿ ಕಳಿಸಬಹುದು. ಮುನ್ನುಡಿ ಬರೆಯುವವರಿಗೆ ಕನಿಷ್ಠ ಎರಡು ತಿಂಗಳು ಕೊಡಿ.

ಡಿಟಿಪಿಯವರಿಗೆ ಬರವಣಿಗೆಯಲ್ಲಿ ಮೂರು ಸೂಚನೆ ಹೋಗಬೇಕು. ಹನ್ನೆರಡು ಪಾಯಿಂಟಿನ ಅಕ್ಷರಕ್ಕೆ ಸಾಲಿನ ಅಂತರ ಹದಿನೇಳು ಹದಿನೆಂಟು ಇರಲಿ, ಕಡಿಮೆಯಾದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಎರಡು ಬದಿ ಸಮ ಮಾಡಬಾರದು, ಎಡಕ್ಕೆ ಮಾತ್ರ. ಪುಟದ ಅಗಲ ಮೀರಿದ ಸಾಲಿನ ಉಳಿಕೆ ಒಳಸರಿದು ನಿಲ್ಲಲಿ, ಇಲ್ಲವಾದರೆ ಅದು ಹೊಸ ಸಾಲೆಂದು ಓದುವವರು ತಿಳಿಯುತ್ತಾರೆ. ಪುಟದ ಕೊನೆಯಲ್ಲಿ ಪದ್ಯ ಮುಗಿದಿದೆಯೋ ಮುಂದುವರಿದಿದೆಯೋ ಎಂಬುದನ್ನು ಕರಡಿನಲ್ಲಿ ಪ್ರತಿ ಪುಟಕ್ಕೂ ಕೈಯಲ್ಲಿ ಬರೆದು ಕೊಡಬೇಕು, ಎರಡು ಪದ್ಯಗಳ ನಡುವಿನ ಖಾಲಿ ಸಾಲು ಪುಟ ತಿರುಗುವಲ್ಲಿ ಕಳೆದುಹೋಗುವುದೇ ಹೆಚ್ಚು.

ಕೊನೆಯ ಕರಡನ್ನು ಮಾತ್ರ ತಾವೇ ನೋಡಬಾರದು. ಬಾಯಿಗೆ ಬರುವ ಕವಿತೆಯಲ್ಲಿ ಕಣ್ಣು ಅಚ್ಚನ್ನು ಓದುವುದಿಲ್ಲ, ನೆನಪನ್ನು ಓದುತ್ತದೆ, ಎಷ್ಟು ಪಳಗಿದ್ದರೂ ಅಷ್ಟೇ. ಊರಿನಲ್ಲಿ ಇದೇ ಕೆಲಸ ಮಾಡುವ ಇನ್ನೊಬ್ಬರಿಗೆ ಕೊಡಿ. ಅವರೂ ಕವಿಯಾಗಿದ್ದರೆ ಅವರ ಸಂಕಲನದ ಕರಡು ನೋಡಿಕೊಡುವ ಮಾತಾಗಲಿ, ಪುಟಕ್ಕೆ ಪುಟ. ಕವಿಯಲ್ಲದಿದ್ದರೆ ನೀವು ಕೇಳುವ ದರವನ್ನೇ ಅವರಿಗೂ ಕೊಡಿ.